ಬಟ್ಟೆ ತಿಳಿಯದ ಅಂಗೈ

ಅಂಗೈಯ ಕೆಳಗೆ ಬಟ್ಟೆ ಇತ್ತು. ಕಣ್ಣಿಗೆ ಕಾಣುತ್ತಿತ್ತು. ಅಂಗೈಗೆ ಅದು ಇರಲಿಲ್ಲ.

ಇಚಲಕರಂಜಿಯಲ್ಲಿ ಮಗ್ಗದಿಂದ ಇಳಿದ ಬಟ್ಟೆ ನೇರವಾಗಿ ಪೇಟೆಗೆ ಹೋಗುವುದಿಲ್ಲ. ಮೊದಲು ನಮ್ಮಂಥ ಹೆಂಗಸರ ಮುಂದೆ ಬರುತ್ತದೆ. ಉದ್ದನೆಯ ಮೇಜಿನ ಮೇಲೆ ಅದನ್ನು ಎಳೆದುಕೊಂಡು ಗಂಟು, ತುಂಡಾದ ಎಳೆ, ದಪ್ಪ ನೂಲು ಹುಡುಕಿ, ಚಿಮಟದಿಂದ ಎತ್ತಿ, ಸೂಜಿಯಿಂದ ಸರಿಮಾಡುವುದು ನಮ್ಮ ಕೆಲಸ. ಅದಕ್ಕೆ ಮೆಂಡಿಂಗ್ ಎನ್ನುತ್ತಾರೆ. ಹದಿನೆಂಟು ವರ್ಷ ನಾನು ಮಾಡಿದ್ದು ಅದನ್ನೇ. ಹೊಸಬರು ಕಣ್ಣಿನಿಂದ ಹುಡುಕುತ್ತಾರೆ. ಹಳಬರಿಗೆ ಕಣ್ಣು ಅಷ್ಟು ಬೇಕಾಗುವುದಿಲ್ಲ. ಅಂಗೈ ಸವರುತ್ತ ಹೋದರೆ ಗಂಟು ತಾನಾಗಿ ಬಂದು ತಾಕುತ್ತದೆ. ಪಕ್ಕದವಳ ಜೊತೆ ಮಾತಾಡುತ್ತ, ಬಾಗಿಲ ಕಡೆ ನೋಡುತ್ತ ನಾನು ಒಂದಿಡೀ ತಾಗಾ ಮುಗಿಸುತ್ತಿದ್ದೆ. ತಾಗಾ ಎಂದರೆ ಬಟ್ಟೆಯ ಸುರುಳಿ.

ಅವತ್ತು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸವರುತ್ತಿದ್ದ ಬಟ್ಟೆ ನಡುವೆಯೇ ಮುಗಿದುಹೋಯಿತು.

ಜೋಮು ಹಿಡಿದಿರಬೇಕು ಎಂದುಕೊಂಡೆ. ಕೈ ಕೊಡವಿದೆ. ಬೆರಳು ಮಡಚಿದೆ, ಬಿಚ್ಚಿದೆ. ಎಲ್ಲಾ ಆಡುತ್ತಿದ್ದವು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದಾಗ ಆಗುವಂತೆ ತುಟಿಯ ಬಲಭಾಗ ದಪ್ಪಗಾಗಿತ್ತು. ಎದ್ದು ಯಾರಿಗಾದರೂ ಹೇಳಬೇಕಿತ್ತು. ಹೇಳಲಿಲ್ಲ. ಮುಂದಿದ್ದ ತಾಗಾ ಅವತ್ತೇ ಹೋಗಬೇಕಿತ್ತು. ಹೊಸಬಳ ಹಾಗೆ ಬಗ್ಗಿ, ಕಣ್ಣಿಟ್ಟು ನೋಡಿ ಮುಗಿಸಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ರೊಟ್ಟಿಯ ತುಂಡು ಕೈಯಲ್ಲಿದೆ ಎಂದು ಬಾಯಿಗೆ ಒಯ್ದೆ. ಕೈ ಬರಿದಾಗಿತ್ತು. ಪಕ್ಕದವಳು ನಕ್ಕಳು. ನಾನೂ ನಕ್ಕೆ.

ಸಂಜೆ ನಡೆದೇ ಮನೆಗೆ ಬಂದೆ. ಮಗಳು ಅಶ್ವಿನಿ ಹೊಸ್ತಿಲಲ್ಲಿ ನಿಂತು ನನ್ನ ಕಾಲು ನೋಡಿದಳು.

"ಅವ್ವಾ, ಒಂದ ಕಾಲಾಗ ಚಪ್ಪಲಿ ಇಲ್ಲಲ್ಲ."

ಅದು ಎಲ್ಲಿ ಕಳಚಿತ್ತೋ ನನಗೆ ಗೊತ್ತಿರಲಿಲ್ಲ. ಬಲಗಾಲಿನ ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು. ಅದೂ ಗೊತ್ತಿರಲಿಲ್ಲ.

ಆಗ ಹೆದರಿದೆ.

ಇವರು, ಅಂದರೆ ನನ್ನ ಗಂಡ, ಮಗ್ಗದ ಮೇಲೆ ಪಾಳಿಯಲ್ಲಿದ್ದರು. ಅಶ್ವಿನಿ ಓಡಿಹೋಗಿ ಕರೆತಂದಳು. ರಿಕ್ಷಾ, ಊರಿನ ದವಾಖಾನೆ, ಅಲ್ಲಿಂದ ಕೊಲ್ಹಾಪುರಕ್ಕೆ ಆಂಬುಲೆನ್ಸು. ಎಂಆರ್‌ಐ ಮಾಡಿದ ಮೇಲೆ ಡಾಕ್ಟರು ಬಂದು, ಇದು ಸ್ಟ್ರೋಕ್, ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಯಾವಾಗ ಶುರುವಾಯಿತು ಎಂದು ಕೇಳಿದರು. ಬೆಳಿಗ್ಗೆ ಹನ್ನೊಂದಕ್ಕೆ ಎಂದೆ. ಅವರು ಗೋಡೆಯ ಗಡಿಯಾರ ನೋಡಿದರು. ಎಂಟಾಗಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದಿದೆ, ಮೊದಲ ಕೆಲವು ತಾಸಿನೊಳಗೆ ಕೊಡಬೇಕು ಎಂದರು.

ಆ ಕೆಲವು ತಾಸು ನಾನು ತಾಗಾ ಮುಗಿಸುತ್ತಿದ್ದೆ.

ಇದಕ್ಕೆ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಎಷ್ಟೋ ದಿನ ಆ ಒಂದು ದಿನವನ್ನೇ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಹನ್ನೊಂದಕ್ಕೆ ಎದ್ದಿದ್ದರೆ, ಹನ್ನೆರಡಕ್ಕೆ ಎದ್ದಿದ್ದರೆ, ರೊಟ್ಟಿ ಕೈಯಲ್ಲಿ ಇಲ್ಲದಾಗ ನಗದೆ ಅತ್ತಿದ್ದರೆ.

ಮೈಯ ಎಲ್ಲಾ ಕಡೆಯಿಂದ ಸ್ಪರ್ಶದ ಸುದ್ದಿ ಬಂದು ಸೇರುವ ಒಂದು ಜಾಗ ತಲೆಯೊಳಗಿದೆಯಂತೆ. ಥಲಾಮಸ್ ಎನ್ನುತ್ತಾರೆ. ನಮಗೆ ತಿಳಿಯಲೆಂದು ಡಾಕ್ಟರು ಮಿರಜ ಜಂಕ್ಷನ್ ಇದ್ದ ಹಾಗೆ ಎಂದರು. ನಿಮ್ಮ ಜಂಕ್ಷನ್‌ನಲ್ಲಿ ಒಂದು ಲೈನು ಹೋಗಿದೆ. ಗಾಡಿ ಹೊರಡುತ್ತವೆ, ಬಂದು ಮುಟ್ಟುವುದಿಲ್ಲ. ಕೈ ಆಡುತ್ತದೆ. ಆದರೆ ಕೈಗೆ ಏನು ತಾಕಿತು ಎಂಬುದು ಮೇಲೆ ತಿಳಿಯುವುದಿಲ್ಲ.

ಕೈ ಆಡುತ್ತದೆ. ಇದೇ ದೊಡ್ಡ ತೊಂದರೆಯಾಯಿತು. ನೋಡಲು ಬಂದವರು ನನ್ನ ಬೆರಳು ಆಡುವುದನ್ನು ಕಂಡು, ದೇವರು ದೊಡ್ಡವನು, ಏನೂ ಆಗಿಲ್ಲ ಎಂದು ಹೇಳಿ ಚಹಾ ಕುಡಿದು ಹೋದರು. ಆ ಚಹಾದ ಕಪ್ಪು ನನ್ನ ಕೈಯಿಂದ ಎಷ್ಟು ಸಲ ಬಿದ್ದಿದೆ ಎಂದು ಅವರಿಗೆ ಗೊತ್ತಿಲ್ಲ. ಕಣ್ಣಿಟ್ಟು ನೋಡುತ್ತಿರುವವರೆಗೆ ಬೆರಳು ಹಿಡಿದುಕೊಂಡಿರುತ್ತಿದ್ದವು. ಕಣ್ಣು ಬೇರೆ ಕಡೆ ಹೋಯಿತೋ, ಕಪ್ಪು ನೆಲದ ಮೇಲೆ. ಸೀರೆಯ ನೆರಿಗೆ ಹಿಡಿಯಲು ಬರುತ್ತಿರಲಿಲ್ಲ. ಬೆನ್ನ ಹಿಂದೆ ಕೈ ಹೋದರೆ ಅದು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ನನ್ನ ಜಡೆ ಇವರು ಹಾಕುತ್ತಿದ್ದರು. ಮಗ್ಗದ ಮೇಲೆ ನೂಲು ಗಂಟು ಹಾಕುವ ಕೈ. ಎಷ್ಟು ಬಿಗಿಯಾಗಿ ಹಾಕುತ್ತಿದ್ದರೆಂದರೆ ಮೂರು ದಿನ ಬಿಚ್ಚುತ್ತಿರಲಿಲ್ಲ.

ಎರಡನೇ ವಾರ ಕಾರಖಾನೆಯ ಮಾಲಕರು ಹೇಳಿ ಕಳಿಸಿದರು. ಮೇಜಿನ ಜಾಗ ಖಾಲಿ ಇಡಲು ಆಗುವುದಿಲ್ಲ. ಮನೆಯವರು ಯಾರಾದರೂ ಬಂದರೆ ಆಯಿತು, ಇಲ್ಲವಾದರೆ ಬೇರೆಯವರನ್ನು ಕೂರಿಸುತ್ತೇವೆ. ಅಶ್ವಿನಿ ಆಗ ಹನ್ನೆರಡನೆಯ ಇಯತ್ತೆಯಲ್ಲಿದ್ದಳು. ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಸಣ್ಣವಳಿದ್ದಾಗ ರಜೆಯಲ್ಲಿ ನನ್ನ ಪಕ್ಕ ಕೂತು ಕೆಲಸ ಕಲಿತಿದ್ದಳು. ಪುಸ್ತಕದ ಚೀಲದಲ್ಲಿ ಚಿಮಟ ಹಾಕಿಕೊಂಡಳು.

"ನೀ ಬರೂತನಕ ಅಷ್ಟ. ನಿನ್ನ ಜಾಗಾ ಹಿಡಕೊಂಡ ಕುಂಡ್ರತೇನಿ."

ಆಗಲಿ ಎಂದೆ. ಒಂದು ತಿಂಗಳಲ್ಲಿ ಬಂದುಬಿಡುತ್ತೇನೆ ಎಂದೂ ಹೇಳಿದೆ.

ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರೂ ಉಳಿಯದೆ ಇವರು ನನ್ನನ್ನು ತವರಿಗೆ ಬಿಟ್ಟುಬಂದರು. ಗಡಹಿಂಗ್ಲಜದ ಪಕ್ಕದ ಹಳ್ಳಿ. ಅಲ್ಲಿ ನನ್ನ ಅವ್ವ, ಅಣ್ಣ, ಅವನ ಹೆಂಡತಿ ವೈನಿ ಇದ್ದಾರೆ. ಅವ್ವನಿಗೆ ಎಪ್ಪತ್ತರ ಮೇಲೆ ವಯಸ್ಸು. ನನ್ನ ಕೈಯನ್ನು ಅವಳು ತನ್ನ ಕೆಲಸ ಮಾಡಿಕೊಂಡಳು. ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಮಧ್ಯಾಹ್ನ ಯಾರೋ ಹೇಳಿದ ಸೊಪ್ಪಿನ ಕಟ್ಟು. ಸಂಜೆ ಉಪ್ಪಿನ ಶಾಖ. ದಪ್ಪ ಉಪ್ಪನ್ನು ಹಂಚಿನ ಮೇಲೆ ಹುರಿದು, ಹಳೆ ಧೋತರದ ತುಂಡಿನಲ್ಲಿ ಕಟ್ಟಿ ನನ್ನ ಅಂಗೈ ಮೇಲೆ ಒತ್ತುತ್ತಿದ್ದಳು. ಪ್ರತಿ ಸಲ ಕೇಳುತ್ತಿದ್ದಳು, ಬಿಸಿ ಆಗ್ತೈತೇನ? ನಾನು ಇಲ್ಲ ಎನ್ನುತ್ತಿದ್ದೆ.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ನನಗೆ ಹಟ ಬಂತು. ಏನಾದರೂ ಸರಿ, ಇವತ್ತು ತಿಳಿಯಲೇಬೇಕು. ಇನ್ನೂ ಕಾಯಿಸು ಎಂದೆ. ಅವ್ವ ಇನ್ನೂ ಕಾಯಿಸಿ ತಂದಳು. ಸಾಲದು ಎಂದೆ. ಮತ್ತೆ ಒಳಗೆ ಹೋಗಿ ತಂದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ತೆರೆದಿದ್ದರೆ ನೋಡುವುದೇ ತಿಳಿದಂತಾಗುತ್ತದೆ, ಅದು ಬೇಡ ಎಂದು. ಒತ್ತು, ಬಿಡಬೇಡ, ಸ್ವಲ್ಪ ಏನೋ ಅನಿಸುತ್ತಿದೆ ಎಂದೆ. ನಿಜವಾಗಿ ಏನೂ ಅನಿಸುತ್ತಿರಲಿಲ್ಲ.

ವಾಸನೆ ಮೊದಲು ವೈನಿಗೆ ಬಂತು.

ಚರ್ಮ ಬಟ್ಟೆಗೆ ಅಂಟಿಕೊಂಡಿತ್ತು. ಅಂಗೈ ನಡುವಿನಿಂದ ಮಣಿಕಟ್ಟಿನವರೆಗೆ ಬೊಬ್ಬೆ. ಅಣ್ಣ ಗಡಹಿಂಗ್ಲಜದ ದವಾಖಾನೆಗೆ ಒಯ್ದ. ನನಗೆ ನೋವಿರಲಿಲ್ಲ. ಗಾಯ ತೊಳೆಯುವಾಗಲೂ ಸುಮ್ಮನೆ ಕೂತು ನೋಡುತ್ತಿದ್ದೆ. ಅಳುತ್ತಿದ್ದವಳು ಅವ್ವ. ದವಾಖಾನೆಯ ಹೊರಗೆ ಕಟ್ಟೆಯ ಮೇಲೆ ಕೂತು, ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಅವು ಯಾರಿಗೂ ಕಾಣಬಾರದು ಎನ್ನುವಂತೆ.

"ನಾನಽ ಸುಟ್ಟೆ. ಹಡೆದ ಕೈನ ನಾನಽ ಸುಟ್ಟೆ."

ನಾನೇ ಕೇಳಿದ್ದು ಎಂದು ಎಷ್ಟು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ.

ಅದಾದ ಮೇಲೆ ಇವರು ಬಂದು ನನ್ನನ್ನು ಇಚಲಕರಂಜಿಯ ಮನೆಗೆ ಕರೆತಂದರು. ಅಲ್ಲಿ ಇನ್ನೊಂದು ಶುರುವಾಯಿತು. ಸುಟ್ಟ ಗಾಯ ಒಣಗುತ್ತ ಬಂದಂತೆ ಕೈ ಉರಿಯತೊಡಗಿತು. ಗಾಯದ ಜಾಗವಲ್ಲ. ಭುಜದಿಂದ ಬೆರಳ ತುದಿಯವರೆಗೆ, ಮೆಣಸಿನಕಾಯಿ ಅರೆದು ಸವರಿದ ಹಾಗೆ. ಗಾಳಿ ಬೀಸಿದರೂ ಉರಿ, ಸೀರೆಯ ಅಂಚು ಸೋಕಿದರೂ ಉರಿ. ಕೊಲ್ಹಾಪುರದ ಡಾಕ್ಟರು, ಇದೂ ಸ್ಟ್ರೋಕಿನದೇ, ಕೆಲವರಿಗೆ ತಡವಾಗಿ ಬರುತ್ತದೆ, ಮಿದುಳು ತಪ್ಪಾಗಿ ಕೂಗುತ್ತಿದೆ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಬೆಂಕಿ ಇಟ್ಟಾಗ ಸುಮ್ಮನಿದ್ದ ಕೈ ಗಾಳಿಗೆ ಕೂಗುತ್ತಿತ್ತು. ಇಂಥ ಕೈ ಯಾಕಾದರೂ ಬೇಕು, ಕಡಿದುಹಾಕಿ ಎಂದು ಒಂದು ದಿನ ಇವರ ಮುಂದೆ ಅಂದೆ. ಇವರು ತಟ್ಟೆ ಬಿಟ್ಟು ಎದ್ದುಹೋದರು. ಆಮೇಲೆ ನಾನು ಹಾಗೆ ಅನ್ನಲಿಲ್ಲ. ಅನ್ನದೆ ಯೋಚಿಸಿದೆ.

ಆ ಡಾಕ್ಟರೇ ಮಶೀನಿನ ಸುದ್ದಿ ಹೇಳಿದ್ದು. ಕೊಲ್ಹಾಪುರದ ಒಂದು ಫಿಜಿಯೋಥೆರಪಿ ಕೇಂದ್ರಕ್ಕೆ ಹೊಸ ಉಪಕರಣ ಬಂದಿದೆ, ಸ್ಟ್ರೋಕ್ ಆದವರ ಮೇಲೆ ಪ್ರಯೋಗ ನಡೆದಿದೆ, ಎರಡು ತಿಂಗಳು ಇರುತ್ತದೆ, ಆಮೇಲೆ ಬೇರೆ ಊರಿಗೆ ಹೋಗುತ್ತದೆ. ಖಾತ್ರಿ ಏನೂ ಇಲ್ಲ, ನೋಡಬಹುದು ಎಂದರು. ನನಗೆ ಕೇಳಿಸಿದ್ದು ಎರಡು ತಿಂಗಳು ಎಂಬುದು ಮಾತ್ರ. ಅಶ್ವಿನಿಯ ಪರೀಕ್ಷೆಗೂ ಹೆಚ್ಚು ಕಡಿಮೆ ಅಷ್ಟೇ ದಿನ ಉಳಿದಿತ್ತು.

ವಾರಕ್ಕೆ ಮೂರು ದಿನ. ಇವರು ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡರು, ಬೆಳಿಗ್ಗೆ ಮಗ್ಗದಿಂದ ನೇರ ಎಸ್‌ಟಿ ಸ್ಟ್ಯಾಂಡಿಗೆ ಬರುತ್ತಿದ್ದರು. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ. ಅದು ಬಲಭುಜವಾದರೆ ಭಾರ ನನಗೆ ತಿಳಿಯುತ್ತಿರಲಿಲ್ಲ, ಉರಿ ಮಾತ್ರ ತಿಳಿಯುತ್ತಿತ್ತು. ಆದರೂ ಸರಿಯುತ್ತಿರಲಿಲ್ಲ.

ಮಶೀನು ಎಂದರೆ ದೊಡ್ಡದೇನೋ ಎಂದುಕೊಂಡಿದ್ದೆ. ಕಣ್ಣಿಗೆ ಹಾಕುವ ಒಂದು ಕಪ್ಪು ಡಬ್ಬಿ, ಅದಕ್ಕೆ ಹೆಡ್‌ಸೆಟ್ ಎನ್ನುತ್ತಾರೆ. ಕೈಗೆ ಒಂದು ಗ್ಲೋವ್. ಗ್ಲೋವಿನ ಬೆರಳ ತುದಿಗಳಲ್ಲಿ ನಡುಗುವ ಸಣ್ಣ ಗುಂಡಿಗಳು, ಬೆರಳ ಬೆನ್ನಿಗೆ ತೆಳುವಾದ ತಂತಿಗಳು. ಡಬ್ಬಿಯೊಳಗೆ ನೋಡಿದರೆ ಒಂದು ಕೋಣೆ, ಒಂದು ಮೇಜು, ಮೇಜಿನ ಮೇಲೆ ಚೆಂಡು, ಸ್ಪಂಜು, ಕಲ್ಲು, ತಂಬಿಗೆ. ನಾವು ಕೈ ಚಾಚಿದರೆ ಅಲ್ಲಿಯೂ ಒಂದು ಕೈ ಚಾಚುತ್ತದೆ. ಅದು ಕಲ್ಲು ಹಿಡಿದರೆ ಇಲ್ಲಿ ತಂತಿ ಬಿಗಿದು ಬೆರಳನ್ನು ಮಡಚಲು ಬಿಡುವುದಿಲ್ಲ. ಸ್ಪಂಜಾದರೆ ಅರ್ಧ ಬಿಡುತ್ತದೆ. ಇಲ್ಲದ ಕಲ್ಲು ಗಟ್ಟಿಯಾಗಿರುತ್ತದೆ.

ಅದನ್ನು ನಡೆಸುತ್ತಿದ್ದವಳು ಸಾಯಲಿ ಎಂಬ ಮರಾಠಿ ಹುಡುಗಿ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬಹುದು. ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಹಳೆ ದಾರಿ ಮುಚ್ಚಿದೆ, ಕಣ್ಣು ನೋಡುವ ಹೊತ್ತಿಗೇ ಬೆರಳಿಗೂ ತಾಕಿದರೆ ಮಿದುಳು ಹೊಸ ದಾರಿ ಹುಡುಕಬಹುದು ಎಂದು ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದಳು. ಬಹುದು ಎಂದಳು. ಆಗುತ್ತದೆ ಎನ್ನಲಿಲ್ಲ.

ಮೊದಲ ದಿನ ಡಬ್ಬಿಯೊಳಗಿನ ಕೈ ನೋಡಿ ನಾನು ಬೆಚ್ಚಿದೆ. ಬೆಳ್ಳಗಿನ, ನುಣ್ಣಗಿನ ಕೈ. ಒಂದು ಬಳೆಯೂ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ನಿದ್ದೆಗಣ್ಣಲ್ಲಿ ಕೂತ ಗಂಡನ ನೆನಪಾಯಿತು. ಕೈ ಹಿಂದೆ ಎಳೆದುಕೊಂಡೆ. ಸಾಯಲಿಗೆ ಕಾರಣ ಹೇಳಲಿಲ್ಲ. ಏನೆಂದು ಹೇಳುವುದು?

ಏನೂ ತಾಕಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನವೂ ಇಲ್ಲ. ಬೆಳ್ಳಗಿನ ಕೈ ತಂಬಿಗೆ ಎತ್ತುತ್ತಿತ್ತು, ಇಳಿಸುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ, ಯಾರದೋ ಮನೆಯ ಅಡಿಗೆಮನೆ ನೋಡಿದ ಹಾಗೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕರಿಗೆ ಐದನೇ ದಿನ ಹೆಬ್ಬೆರಳು ತಿಳಿಯಿತು. ಅವರ ಸೊಸೆ ಪೇಢೆ ಹಂಚಿದಳು. ನಾನು ಎಡಗೈಯಲ್ಲಿ ತೆಗೆದುಕೊಂಡೆ. ಏನೂ ಆಗದವರನ್ನು ನಡುವೆಯೇ ಬಿಡಿಸಿ ಬೇರೆಯವರಿಗೆ ಜಾಗ ಕೊಡುತ್ತಾರೆ ಎಂದು ಅಲ್ಲಿ ಯಾರೋ ಮಾತಾಡುವುದು ಕೇಳಿಸಿತು.

ಮುಂದಿನ ಸಲದಿಂದ ಸಾಯಲಿ, "ಜಾಣವತಂಯ ಕಾ, ಮಾವಶೀ?" ಅಂದರೆ ತಿಳಿಯುತ್ತದೆಯೇ, ಎಂದು ಕೇಳಿದಾಗ ನಾನು ಹೌದು ಎನ್ನತೊಡಗಿದೆ.

ಕಷ್ಟವೇನೂ ಇರಲಿಲ್ಲ. ಬೆಳ್ಳಗಿನ ಕೈ ಕಲ್ಲು ಹಿಡಿದಿದ್ದು ಕಾಣುತ್ತಿತ್ತು. ಗಟ್ಟಿ ಎನ್ನುತ್ತಿದ್ದೆ. ಸ್ಪಂಜಾದರೆ ಮೆತ್ತಗೆ ಎನ್ನುತ್ತಿದ್ದೆ. ಸಾಯಲಿ ಖುಷಿಯಿಂದ ಬರೆದುಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಇವರಿಗೂ ಅದನ್ನೇ ಹೇಳಿದೆ. ಮನೆಯಲ್ಲಿ ಅಶ್ವಿನಿಗೂ ಹೇಳಿದೆ. ಅವಳು ಆ ದಿನ ಪುಸ್ತಕ ತೆಗೆದು ಸ್ವಲ್ಪ ಹೊತ್ತು ಓದಿದಳು. ನನ್ನ ಸುಳ್ಳು ಮನೆಯಲ್ಲಿ ಅನ್ನದ ಹಾಗೆ ಎಲ್ಲರ ತಟ್ಟೆಗೂ ಬಂತು.

ಹೀಗೆ ಮೂರು ವಾರ. ಒಂಬತ್ತು ಸಲ.

ಒಂದು ದಿನ ಸಾಯಲಿ ಎಂದಿನ ಹಾಗೆ ಕೇಳುತ್ತ ಹೋದಳು. ಕಲ್ಲು? ಗಟ್ಟಿ. ಸ್ಪಂಜು? ಮೆತ್ತಗೆ. ತಂಬಿಗೆ? ತಣ್ಣಗಿದೆ ಎಂದುಬಿಟ್ಟೆ. ಆ ಗ್ಲೋವಿಗೆ ತಂಪು ತೋರಿಸಲು ಬರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅವಳು ಮತ್ತೆ ಕಲ್ಲು ಕೊಟ್ಟಳು, ಚೆಂಡು ಕೊಟ್ಟಳು. ನಾನು ಉತ್ತರ ಕೊಟ್ಟೆ. ಆಮೇಲೆ ಅವಳು ಮೆಲ್ಲಗೆ ನನ್ನ ಕಣ್ಣಿನ ಡಬ್ಬಿ ತೆಗೆದಳು. ಮರಾಠಿಯಲ್ಲಿ ಒಂದೇ ಮಾತು ಹೇಳಿದಳು.

ಮಾವಶಿ, ಗ್ಲೋವ್ ಬಂದ್ ಇತ್ತು.

ಅವಳು ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಎದುರು ಕೂತು ಹೇಳಿದಳು. ಈ ಮಶೀನು ನಿಮ್ಮ ಉತ್ತರದ ಮೇಲೆ ನಡೆಯುತ್ತದೆ. ತಿಳಿಯುತ್ತದೆ ಎಂದರೆ ತನ್ನ ಜೋರು ಸ್ವಲ್ಪ ಕಡಿಮೆ ಮಾಡುತ್ತದೆ, ಇನ್ನೂ ಸೂಕ್ಷ್ಮವಾದದ್ದು ಕಲಿಯಲಿ ಎಂದು. ಇಲ್ಲ ಎಂದರೆ ಜೋರು ಮಾಡುತ್ತದೆ. ನೀವು ಹೌದು ಹೌದು ಎಂದಿರಿ. ಅದು ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಹೋಯಿತು.

ಒಂಬತ್ತು ಸಲ ನಾನೇ ಅದನ್ನು ನನ್ನ ಕೈಯಿಂದ ದೂರ ತಳ್ಳಿದ್ದೆ.

ಅವತ್ತು ನಾನು ಅತ್ತಷ್ಟು ಸ್ಟ್ರೋಕ್ ಆದ ದಿನವೂ ಅತ್ತಿರಲಿಲ್ಲ. ಹೊರಗಿನಿಂದ ಇವರು ಓಡಿ ಬಂದರು. ಅವರ ಮುಂದೆಯೇ ಎಲ್ಲಾ ಹೇಳಿದೆ. ಮಗಳ ಪರೀಕ್ಷೆ, ಮೇಜಿನ ಜಾಗ, ಇಲ್ಲಿಂದ ಬಿಡಿಸಿಬಿಡುತ್ತಾರೆ ಎಂಬ ಭಯ. ಮರಾಠಿಯಲ್ಲಿ ಶುರುಮಾಡಿದ್ದು ಯಾವಾಗ ಕನ್ನಡವಾಯಿತೋ ಗೊತ್ತಿಲ್ಲ. ಸಾಯಲಿಗೆ ಒಂದಕ್ಷರವೂ ತಿಳಿದಿರಲಾರದು. ಅವಳು ಎದ್ದುಹೋಗಲಿಲ್ಲ. ಇವರು ಮಾತ್ರ ಎಲ್ಲಾ ಕೇಳಿಸಿಕೊಂಡು ಇಷ್ಟೇ ಅಂದರು:

"ನನಗರ ಖರೆ ಹೇಳಬೇಕಿತ್ತಲ್ಲ."

ಉಳಿದಿದ್ದು ಹನ್ನೆರಡು ಸಲ. ಜೋರನ್ನು ಮೊದಲಿನಿಂದ ಏರಿಸಿದರು. ಇಲ್ಲ ಎಂದು ಹೇಳುವುದು ಎಷ್ಟು ಕಠಿಣ ಎಂದು ಆಗ ತಿಳಿಯಿತು. ಇಲ್ಲ. ಇಲ್ಲ. ಇದೂ ಇಲ್ಲ. ಒಂದು ತಾಸು ಬರೀ ಇಲ್ಲ ಎಂದು ಬಸ್ಸು ಹತ್ತುತ್ತಿದ್ದೆ. ಕಬ್ಬಿನ ಟ್ರಾಲಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಒಂದು ಬೆಳಿಗ್ಗೆ ಬಸ್ಸಿನ ತುಂಬ ಕಾಲೇಜಿನ ಹುಡುಗಿಯರು. ಕೈಯಲ್ಲಿ ಪರೀಕ್ಷೆಯ ರಟ್ಟು, ಹಾಲ್ ಟಿಕೆಟ್. ಒಬ್ಬಳು ಕಣ್ಣು ಮುಚ್ಚಿ ಏನೋ ಬಾಯಿಪಾಠ ಮಾಡುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿದೆ. ಅದೇ ಹೊತ್ತಿಗೆ ನನ್ನ ಮಗಳು ಮೇಜಿನ ಮೇಲೆ ಬಟ್ಟೆ ಎಳೆದುಕೊಳ್ಳುತ್ತಿದ್ದಳು. ಹಾಜರಿ ಸಾಲದೆ ಪರೀಕ್ಷೆಯ ಪಟ್ಟಿಯಿಂದ ಅವಳ ಹೆಸರು ಆಗಲೇ ಬಿಟ್ಟುಹೋಗಿತ್ತು. ಅದನ್ನು ಅವಳು ನನಗೆ ಹೇಳಿರಲಿಲ್ಲ. ಅವಳ ಗೆಳತಿ ಹೇಳಿದ್ದಳು.

ಇನ್ನು ಕೈ ಬಂದರೂ ಯಾತಕ್ಕೆ? ಹಾಗೆ ಅನಿಸಿದ ದಿನಗಳಲ್ಲಿಯೂ ಹೋದೆ. ಇವರು ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು, ಅದಕ್ಕೆ ಹೋದೆ.

ಕೊನೆಯಿಂದ ಐದನೆಯ ಸಲ. ಬೆಳ್ಳಗಿನ ಕೈ ತಂಬಿಗೆ ಎತ್ತಿತು. ನನ್ನ ಹೆಬ್ಬೆರಳ ಬುಡದಲ್ಲಿ ಏನೋ ಆಯಿತು. ಸ್ಪರ್ಶ ಎನ್ನಲು ಬರುವುದಿಲ್ಲ. ದಪ್ಪನೆಯ ಗೋಡೆಯ ಆಚೆ ಯಾರೋ ಏನನ್ನೋ ಸರಿಸಿದರೆ ಈಚೆ ಇದ್ದವರಿಗೆ ಆಗುವಂಥದ್ದು. ನಾನು ಬಾಯಿ ಬಿಡಲಿಲ್ಲ. ನನ್ನನ್ನು ನಾನೇ ನಂಬುವಂತಿರಲಿಲ್ಲ. ಮತ್ತೆ ಆಯಿತು. ಆಗ ಕೇಳಿದೆ, ಗ್ಲೋವ್ ಚಾಲೂ ಇದೆಯೇ?

ಸಾಯಲಿ ಹೆಡ್‌ಸೆಟ್ಟಿನ ಚಿತ್ರ ಆರಿಸಿದಳು. ಈಗ ಕಣ್ಣಿಗೆ ಬರೀ ಕತ್ತಲೆ. ಗ್ಲೋವನ್ನು ಒಮ್ಮೆ ಚಾಲೂ ಮಾಡುತ್ತೇನೆ, ಒಮ್ಮೆ ಬಂದ್ ಮಾಡುತ್ತೇನೆ, ಯಾವಾಗ ಯಾವುದು ಎಂದು ಹೇಳಿ ಎಂದಳು. ಹತ್ತು ಸಲ ಕೇಳಿದಳು. ಪ್ರತಿ ಸಲ ಬಹಳ ಹೊತ್ತು ಕಾದು ಹೇಳಿದೆ. ಎರಡು ತಪ್ಪಿದವು. ಎಂಟು ಸರಿ ಬಂದವು. ಡಬ್ಬಿ ತೆಗೆದಾಗ ಅವಳ ಕಣ್ಣಲ್ಲಿ ನೀರಿತ್ತು. ನಾನು ಅಳಲಿಲ್ಲ. ಅಳಲು ಭಯವಾಯಿತು.

ಕೊನೆಯ ನಾಲ್ಕು ಸಲದಲ್ಲಿ ಹೆಬ್ಬೆರಳು, ತೋರುಬೆರಳಿಗೆ ಒತ್ತುವುದು, ಎಳೆಯುವುದು ತಿಳಿಯಿತು. ಉಳಿದ ಬೆರಳಿಗೆ ಇಲ್ಲ. ಉರಿ ಹಾಗೆಯೇ ಇತ್ತು. ಡಾಕ್ಟರು ಕೈ ಪರೀಕ್ಷೆ ಮಾಡಿ, ಹಿಡಿತ ಇನ್ನೂ ಸುಧಾರಿಸಬಹುದು, ಮನೆಯಲ್ಲಿ ವ್ಯಾಯಾಮ ಬಿಡಬೇಡಿ ಎಂದರು. ಬಟ್ಟೆಯ ಗಂಟು ತಿಳಿಯುತ್ತದೆಯೇ ಎಂದು ಕೇಳಿದೆ. ಅಷ್ಟು ಸೂಕ್ಷ್ಮ ಬರುವುದು ಕಷ್ಟ ಎಂದರು. ಮಶೀನನ್ನು ಪೆಟ್ಟಿಗೆಯಲ್ಲಿ ತುಂಬಿ ಒಯ್ದರು.

ನಾನು ಡಾಕ್ಟರ ಮಾತು ನಂಬಲಿಲ್ಲ. ಸೋಮವಾರ ಬೆಳಿಗ್ಗೆ ಅಶ್ವಿನಿಯ ಜೊತೆ ಹೊರಟೆ. ಇವತ್ತಿನಿಂದ ನಾನು ಕೂರುತ್ತೇನೆ, ನೀನು ಮನೆಗೆ ಹೋಗು ಎಂದೆ. ಅವಳು ಮೇಜಿನ ಹತ್ತಿರ ಸರಿದು ಜಾಗ ಕೊಟ್ಟಳು. ಐದು ತಿಂಗಳ ಮೇಲೆ ಆ ಜಾಗದಲ್ಲಿ ಕೂತೆ. ಹೆಂಗಸರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಅಂಗೈ ಬಟ್ಟೆಯ ಮೇಲಿಟ್ಟೆ. ಸವರಿದೆ. ಮೇಜು ಇದೆ ಎಂದು ತಿಳಿಯಿತು. ಅದರ ಮೇಲೆ ಬಟ್ಟೆ ಇದೆ ಎಂದು ತಿಳಿಯಲಿಲ್ಲ.

ಅಶ್ವಿನಿ ಬಗ್ಗಿ ನನ್ನ ಕೈ ಹಿಡಿದು ಒಂದು ಗೇಣು ಹಿಂದಕ್ಕೆ ತಂದಳು. ಬೆರಳ ಕೆಳಗೆ ಇಟ್ಟಳು.

"ಇಲ್ಲೈತಿ, ಅವ್ವಾ."

ಗಂಟು ಅಲ್ಲೇ ಇತ್ತು. ನೋಡಿದರೆ ಕಂಡಿತು. ದೊಡ್ಡ ಗಂಟು. ನನ್ನ ಕೈ ಅದರ ಮೇಲೆ ಎರಡು ಸಲ ಹಾದುಹೋಗಿತ್ತು.

ನಾನು ಅವಳ ಬೆರಳು ನೋಡಿದೆ. ತುದಿಗಳು ದಡ್ಡುಗಟ್ಟಿದ್ದವು. ಇನ್ನೂ ಎಷ್ಟು ದಿನ ಎಂದು ಮೆಲ್ಲಗೆ ಕೇಳಿದೆ. ನೀ ಬರ್ತೇನಿ ಅಂದಿದ್ದಿ, ನೀ ಬರೂತನಕ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಅವಳು ಕೊಟ್ಟ ಮಾತು ಅದು, ನಡೆಸುತ್ತಿದ್ದಳು. ನನ್ನ ಕೈ ಬಂದರೆ ಮಾತ್ರ ಅವಳು ಬಿಡುಗಡೆಯಾಗುತ್ತಾಳೆ ಎಂದು ನಾನು ಐದು ತಿಂಗಳು ನಂಬಿದ್ದೆ. ಕೈಗಾಗಿ ಸುಟ್ಟುಕೊಂಡೆ, ಕೈಗಾಗಿ ಸುಳ್ಳು ಹೇಳಿದೆ. ಅವಳು ಕೂತಿದ್ದುದು ನನ್ನ ಕೈಗಾಗಿ ಅಲ್ಲ. ನಾನು ಬರುತ್ತೇನೆ ಎಂದ ಮಾತಿಗಾಗಿ. ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕಾಗಿದ್ದುದು ನಾನು.

ಎದ್ದು ಮಾಲಕರ ಹತ್ತಿರ ಹೋದೆ. ನನ್ನ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳಿ, ಮಗಳೂ ಈ ವಾರಾಂತ್ಯದವರೆಗೆ ಅಷ್ಟೇ ಎಂದೆ. ಹದಿನೆಂಟು ವರ್ಷ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಸತ್ತವರಿಗೆ ಅಳುವ ಹಾಗೆ ಅತ್ತೆ. ಸಂಜೆ ಇವರಿಗೆ ಹೇಳಿದೆ. ಇವರು, ಛಲೋ ಮಾಡಿದಿ ಎಂದರು. ಆ ಶನಿವಾರದ ಮೇಲೆ ಉದಗಾಂವದಿಂದ ಬಂದ ಒಬ್ಬ ಹೆಂಗಸು ಅಲ್ಲಿ ಕೂರುತ್ತಾಳೆ. ನಾನು ಆ ರಸ್ತೆಯಲ್ಲಿ ಹೋಗುವುದಿಲ್ಲ.

ಈಗ ಹೇಗಿದ್ದೇನೆ ಎಂದರೆ, ಹೀಗಿದ್ದೇನೆ. ಕಪ್ಪು ಬೀಳುವುದು ಕಡಿಮೆಯಾಗಿದೆ. ಸೌಟು ಹಿಡಿಯುತ್ತೇನೆ. ಬಿಸಿ ಪಾತ್ರೆಗೆ ಎಡಗೈ ಮಾತ್ರ. ಗುಳಿಗೆ ತೆಗೆದುಕೊಂಡರೂ ಕೆಲವು ದಿನ ಉರಿ ತಡೆಯಲಾಗುವುದಿಲ್ಲ. ಅಂಥ ದಿನ ಯಾರ ಜೊತೆಯೂ ಮಾತಾಡುವುದಿಲ್ಲ. ಅವ್ವ ಫೋನಿನಲ್ಲಿ ಎಲ್ಲಾ ಕೇಳುತ್ತಾಳೆ, ಕೈ ಬಗ್ಗೆ ಕೇಳುವುದಿಲ್ಲ. ಇನ್ನೊಂದು ಸ್ಟ್ರೋಕ್ ಬರಬಹುದೇ ಎಂಬ ಭಯ ಬೆಳಿಗ್ಗೆ ನನ್ನ ಜೊತೆಯೇ ಏಳುತ್ತದೆ. ಎದ್ದ ಕೂಡಲೇ ತುಟಿ ಮುಟ್ಟಿ ನೋಡಿಕೊಳ್ಳುತ್ತೇನೆ.

ಅಶ್ವಿನಿ ಹೊರಗಿನಿಂದ ಪರೀಕ್ಷೆಗೆ ಕೂರುತ್ತಾಳೆ. ಅದಕ್ಕೆ ಹದಿನೇಳು ನಂಬರಿನ ಫಾರ್ಮು ತುಂಬಬೇಕು. ಕಳೆದ ವಾರ ಅದನ್ನು ಕೊಡಲು ಕಾಲೇಜಿಗೆ ಹೋದೆವು. ಕೆಳಗೆ ಪಾಲಕರ ಸಹಿ ಬೇಕಿತ್ತು. ಇವರು ಪಾಳಿಯಲ್ಲಿದ್ದರು. ಕಿಟಕಿಯ ಆಚೆಯ ಕ್ಲಾರ್ಕು ನನ್ನ ಸುಟ್ಟ ಅಂಗೈ, ಪೆನ್ನು ಜಾರುವುದು ನೋಡಿ ಶಾಯಿಯ ಪ್ಯಾಡನ್ನು ನನ್ನ ಕಡೆ ಸರಿಸಿ, ಹೆಬ್ಬೆಟ್ಟು ನಡೆಯುತ್ತದೆ ಎಂದ. ಕೆಟ್ಟ ಮನುಷ್ಯನಲ್ಲ. ನನ್ನ ಹಿಂದೆ ಸಾಲಿತ್ತು.

ಬೇಡ ಎಂದೆ. ನಮ್ಮೂರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನು, ಸಹಿ ಕನ್ನಡದಲ್ಲೇ ಮಾಡುತ್ತೇನೆ. ಪೆನ್ನನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಒತ್ತಿದೆ. ಒತ್ತಿದ್ದು ಸ್ವಲ್ಪ ತಿಳಿಯಿತು. ಕಣ್ಣು ತೆಗೆಯಲಿಲ್ಲ. ಕ ಬರೆದೆ. ಚೌಕದ ಗೆರೆ ದಾಟಿತು. ಸ್ತೂ ಬರೆಯಲು ಎಷ್ಟು ಹೊತ್ತಾಯಿತೋ. ಹಿಂದೆ ಯಾರೋ ಕೆಮ್ಮಿದರು. ಅಶ್ವಿನಿ ಪೆನ್ನು ಹಿಡಿಯಲು ಬರಲಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತಿದ್ದಳು.

ಆಯಿತೇ ಎಂದು ಕ್ಲಾರ್ಕು ಮರಾಠಿಯಲ್ಲಿ ಕೇಳಿದ.

"ಇನ್ನೊಂದ ಅಕ್ಷರ ಐತ್ರಿ," ಎಂದೆ, ಕನ್ನಡದಲ್ಲೇ.

ಅವನಿಗೆ ತಿಳಿಯಿತೋ ಇಲ್ಲವೋ. ಠಸ್ಸೆ ಕೈಯಲ್ಲಿ ಹಿಡಿದುಕೊಂಡು ಕಾದ.